ಕಂಬಿಯ ಮೇಲೆ ನಿಂತವರು

"ಮೇಡಂ, ಜನ ನಿಂತ್ರೆ ಕಂಬಿ ಎಷ್ಟು ಕೆಳಕ್ಕೆ ಹೋಯ್ತದೆ?"

ಪಾಠ ಮುಗಿಸಿ ಬಂದು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಕೊನೆಯ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಈ ಪ್ರಶ್ನೆ ಕೇಳಿದಳು. ರಾಮನಗರದ ಹತ್ತಿರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಮಕ್ಕಳಿಗೆ ಕಾಂಕ್ರೀಟು, ಕಂಬಿ, ಕಟ್ಟಡ ವಿನ್ಯಾಸ ಕಲಿಸುವುದು ನನ್ನ ಕೆಲಸ. ಮಕ್ಕಳು ಊಟದ ಹೊತ್ತಿನಲ್ಲಿ ಸಂಶಯ ಕೇಳಲು ಬರುವುದು ತೀರಾ ಅಪರೂಪ. ಬಂದರೂ ಪರೀಕ್ಷೆಗೆ ಯಾವುದು ಮುಖ್ಯ ಅಂತ ತಿಳಿದುಕೊಳ್ಳಲು ಬರುತ್ತಾರೆ. ಈ ಹುಡುಗಿಯ ಮುಖ ನೋಡಿದರೆ ಪರೀಕ್ಷೆಯ ವಿಷಯ ಅನ್ನಿಸಲಿಲ್ಲ.

ಅಂದು ನಾನು ಬಾಲ್ಕನಿ, ಸಜ್ಜಾಗಳ ಪಾಠ ಮಾಡಿದ್ದೆ. ಒಂದು ಉದ್ದನೆಯ ಸ್ಪಂಜಿನ ತುಂಡನ್ನು ಮೊದಲು ಎರಡು ಪುಸ್ತಕಗಳ ಮೇಲೆ ಇಟ್ಟು ನಡುವೆ ಒತ್ತಿ ತೋರಿಸಿದ್ದೆ. ಅದು ಜೋತು ಬಿದ್ದು ಅಡಿಭಾಗ ಹಿಗ್ಗುತ್ತದೆ. ಆಮೇಲೆ ಅದೇ ಸ್ಪಂಜನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ ಹಿಡಿದು, ಮೇಲ್ಭಾಗದಲ್ಲಿ ಬ್ಲೇಡಿನಿಂದ ಸಣ್ಣ ಗೀರು ಹಾಕಿದ್ದೆ. ತುದಿಯನ್ನು ಒತ್ತಿದೊಡನೆ ಆ ಗೀರು ಬಾಯಿ ಬಿಟ್ಟಿತು. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ತಡೆಯಲೆಂದೇ ಕಂಬಿ ಹಾಕುವುದು. ಎರಡು ಗೋಡೆಗಳ ನಡುವಿನ ಛಾವಣಿಗೆ ಕಂಬಿ ಕೆಳಗಿರಬೇಕು, ಗೋಡೆಯಿಂದ ಹೊರಚಾಚಿದ ಬಾಲ್ಕನಿಗೆ ಮೇಲಿರಬೇಕು. ಮೇಲಿರಬೇಕಾದ ಕಂಬಿ ಕೆಳಗೆ ಕೂತರೆ ಅದು ಇದ್ದೂ ಇಲ್ಲದ ಹಾಗೆ. ಸ್ಪಂಜು ಬಾಯಿ ಬಿಟ್ಟಾಗ ತರಗತಿ ನಕ್ಕಿತ್ತು. ಈ ಹುಡುಗಿ ನಕ್ಕಿರಲಿಲ್ಲ ಎಂಬುದು ಆಗ ನೆನಪಾಯಿತು.

"ಯಾವ ಜನ? ಎಲ್ಲಿ ನಿಂತರು?" ಅಂದೆ.

"ನಮ್ಮ ಮನೇಲಿ ಮೇಡಂ. ಮೋಲ್ಡ್ ದಿನ. ಪೂಜೆಗೆ."

ಡಬ್ಬಿ ಮುಚ್ಚಿ ಅವಳನ್ನು ಕೂರಿಸಿಕೊಂಡೆ.

ಅವಳ ಊರು ಸಾತನೂರಿನ ಹತ್ತಿರ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಹಳೆಯ ಮನೆ ಕೆಡವಿ ಎರಡು ಅಂತಸ್ತಿನ ಹೊಸ ಮನೆ ಕಟ್ಟಿಸುತ್ತಿದ್ದರು, ನಕ್ಷೆ ಬರೆದದ್ದು ಇವಳೇ. ಕೊನೆಯ ವರ್ಷದ ಮಕ್ಕಳು ಕಟ್ಟಡದ ಕೆಲಸವೊಂದನ್ನು ಹತ್ತಿರದಿಂದ ನೋಡಿ ವರದಿ ಬರೆಯಬೇಕು. ಸ್ವಂತ ಮನೆಯಾದರೆ ನಿಗಾ ಹೆಚ್ಚಿರುತ್ತದೆ ಎಂದು ನಾನೂ ಒಪ್ಪಿದ್ದೆ. ಛಾವಣಿಗೆ ಕಾಂಕ್ರೀಟು ಹಾಕುವ ಕೆಲಸಕ್ಕೆ ನಮ್ಮ ಕಡೆ ಮೋಲ್ಡ್ ಅನ್ನುತ್ತಾರೆ. ಆ ದಿನ ಮಿಕ್ಸರ್ ಶುರುವಾಗುವ ಮುಂಚೆ ಹೆಣೆದ ಕಂಬಿಯ ಮೇಲೆ ಈಶಾನ್ಯ ಮೂಲೆಯಲ್ಲಿ ಪೂಜೆ, ಕೆಲಸ ಮುಗಿದ ಮೇಲೆ ಎಲ್ಲರಿಗೂ ಬಾಡೂಟ. ಈ ಮನೆಯ ಈಶಾನ್ಯ ಮೂಲೆಯಲ್ಲಿ ಇದ್ದದ್ದು ಬಾಲ್ಕನಿ. ಗೋಡೆಯಿಂದ ಐದಡಿ ಹೊರಕ್ಕೆ, ಬೀದಿಯ ಮೇಲೆ ಚಾಚಿದ ಬಾಲ್ಕನಿ.

"ಬೆಳಿಗ್ಗೆ ನಾನೇ ಒಂದೊಂದು ಚೇರೂ ಕೂರ್ಸಿದ್ದೆ ಮೇಡಂ. ಅಳತೆ ನೋಡಿದ್ದೆ, ಸರಿಯಾಗಿತ್ತು," ಅಂದಳು. ಮೇಲಿನ ಕಂಬಿ ಕೆಳಗೆ ಕುಸಿಯದಂತೆ ಅದರಡಿ ಇಡುವ ಬಗ್ಗಿಸಿದ ಸಣ್ಣ ಕಂಬಿಗೆ ಚೇರ್ ಅನ್ನುತ್ತೇವೆ. "ಆಮೇಲೆ ಎಲ್ಲಾ ಹತ್ಕೊಂಡು ಬಂದ್ರು. ಅತ್ತೆದೀರು, ಚಿಕ್ಕಪ್ಪ, ಬೀದಿಯೋರು. ಚೇರೆಲ್ಲ ಮಲಗೋದ್ವು. ನನ್ ಕಣ್ಣೆದುರ್ಗೇ."

"ಇಳೀರಿ ಅನ್ನಬೇಕಿತ್ತು."

"ಅಜ್ಜಿ ಕಾಯಿ ಒಡೀತಿದ್ರು ಮೇಡಂ. ಅವ್ರನ್ನ ಹೆಂಗೆ ಇಳೀರಿ ಅನ್ನೋದು? ದೊಡ್ಡೋರು ಪೂಜೆಗೆ ನಿಂತವ್ರೆ."

ಪೂಜೆ ಮುಗಿದ ಮೇಲೆ ಅವಳು ಮೇಸ್ತ್ರಿಗೆ ಹೇಳಿದ್ದಾಳೆ. ಆತ "ಆಯ್ತು ಕಣವ್ವ, ಎತ್ಕೊಂಡು ಹಾಕ್ತೀವಿ" ಅಂದಿದ್ದಾನೆ. ಒಂದು ಕಡೆ ಹಾರೆಯಿಂದ ಕಂಬಿ ಎತ್ತಿದ್ದನ್ನು ನೋಡಿದ್ದಾಳೆ. ಅಷ್ಟರಲ್ಲಿ ಕೆಳಗಿನಿಂದ ಕರೆ ಬಂದಿದೆ, ಊಟಕ್ಕೆ ಈರುಳ್ಳಿ ಹೆಚ್ಚುವವರಿಲ್ಲ ಅಂತ. ಮನೆಯ ಎಂಜಿನಿಯರು ಇಳಿದು ಹೋಗಿ ಈರುಳ್ಳಿ ಹೆಚ್ಚಿದ್ದಾಳೆ. ಮತ್ತೆ ಹತ್ತಿ ನೋಡುವಷ್ಟರಲ್ಲಿ ಬಾಲ್ಕನಿಗೆ ಕಾಂಕ್ರೀಟು ಬಿದ್ದಾಗಿತ್ತು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಮೇಸ್ತ್ರಿಯ ಮೇಲೆ, ಈರುಳ್ಳಿ ಹೆಚ್ಚಲು ಕರೆದವರ ಮೇಲೆ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಈ ಹುಡುಗಿಯ ಮೇಲೆ. ಬೈಯಲು ಬಾಯಿ ತೆರೆದವಳು ಮೊದಲು ಕೇಳಬೇಕಾದದ್ದನ್ನು ಕೇಳಿದೆ.

"ಸೆಂಟ್ರಿಂಗ್ ಇನ್ನೂ ಇದೆಯಾ?"

"ಐತೆ ಮೇಡಂ."

ಹಾಗಾದರೆ ಭಯವಿಲ್ಲ. ಕೆಳಗಿನ ಜಾಕಿ, ತಗಡುಗಳ ಆಸರೆ ಇರುವವರೆಗೆ ಬಾಲ್ಕನಿ ಬೀಳುವುದಿಲ್ಲ. ತೆಗೆದ ಮೇಲೆ ಎಷ್ಟು ದಿನ ನಿಲ್ಲುತ್ತದೆ ಎಂದು ಯಾರೂ ಹೇಳಲಾಗದು. ಆಷಾಢ ಕಳೆದು ಗೃಹಪ್ರವೇಶ ಇಟ್ಟುಕೊಂಡಿದ್ದರು. ಅಂದು ಅದೇ ಜನ ಅದೇ ಮೂಲೆಯಲ್ಲಿ ಮತ್ತೆ ನಿಲ್ಲುತ್ತಾರೆ, ಕೆಳಗೆ ಬೀದಿಯಲ್ಲಿ ಮಕ್ಕಳಿರುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ರಜೆ ಕೇಳಲು ಹೋದೆ. ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಪ್ರೈವೇಟ್ ಮನೆ ಮೇಡಂ. ನಾವ್ಯಾಕೆ ತಲೆ ಹಾಕೋದು? ವರದಿ ಬರೆದರೆ ಮಾರ್ಕ್ಸ್ ಕೊಡಿ, ಮುಗೀತು."

"ಬಾಲ್ಕನಿ ಬಿದ್ದರೆ ಎಷ್ಟು ಮಾರ್ಕ್ಸ್ ಕಳೀಲಿ ಸಾರ್?" ಅಂದೆ. ಅವರು ರಜೆ ಚೀಟಿಗೆ ಸಹಿ ಹಾಕಿದರು.

ಮರುದಿನ ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಸಾತನೂರಿಗೆ ಹೋದೆ. ಹುಡುಗಿ ರಜೆ ಹಾಕಿ ಮನೆಯಲ್ಲೇ ಇದ್ದಳು, ಅವಳ ತಂದೆ ಬೈಕಿನಲ್ಲಿ ಕಾದಿದ್ದರು. ದಾರಿಯುದ್ದಕ್ಕೂ ಮನೆಯದೇ ಮಾತು. "ಪ್ಲಾನೆಲ್ಲ ನನ್ ಮಗಳೇ ಬರ್ದಿದ್ದು ಮೇಡಮ್ನೋರೆ. ಒಬ್ಬ ಎಂಜಿನಿಯರ್‍ನ ಕರೀನಿಲ್ಲ ನಾನು." ಮಗಳು ಅವರಿಗೆ ಏನೂ ಹೇಳಿಲ್ಲ ಎಂಬುದು ಅಲ್ಲೇ ಗೊತ್ತಾಯಿತು.

ಮನೆ ಚೆನ್ನಾಗಿ ಬಂದಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೋಣೆಗಳಿಗೆ ಗಾಳಿ ಬೆಳಕು, ಹುಳು ಮನೆಯ ಕಡೆಗೆ ಬೇರೆ ಬಾಗಿಲು, ಮೆಟ್ಟಿಲು ಅಜ್ಜಿಗೆ ಹತ್ತಲು ಸುಲಭವಾಗುವಷ್ಟು ತಗ್ಗು. ಬಾಲ್ಕನಿಯ ಅಂಚಿಗೆ ಆಗಲೇ ಸಾಲಿಡ್ ಬ್ಲಾಕಿನ ತಡೆಗೋಡೆ ಎದ್ದಿತ್ತು, ಉಳಿದ ಬ್ಲಾಕುಗಳನ್ನು ಅದರ ಪಕ್ಕದಲ್ಲೇ ಅಟ್ಟಿ ಪೇರಿಸಿದ್ದರು. ಅಜ್ಜಿ ಕಾಫಿ ಕೊಟ್ಟರು. ಸಣ್ಣ ಮೈಯ, ಚುರುಕು ಕಣ್ಣಿನ ಮುದುಕಿ. ನನ್ನ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ, ಕಾಂಕ್ರೀಟಿನ ಮೇಲೆ ಇನ್ನೂ ಮಾಸದಿದ್ದ ಅರಿಶಿನದ ಕಲೆ ತೋರಿಸಿದರು.

"ಇಲ್ಲೇ ಪೂಜೆ ಮಾಡಿದ್ದು ಕಣವ್ವ. ಕಾಯಿ ಸಮನಾಗಿ ಒಡೀತು."

ಹುಡುಗಿ ಆ ಕಡೆ ತಿರುಗಿಕೊಂಡಳು.

ಮೇಸ್ತ್ರಿಯನ್ನು ಕರೆಸಿದೆವು. ಚನ್ನಪಟ್ಟಣದ ಕಡೆಯವನು, ಮಾತಿನಲ್ಲಿ ಮರ್ಯಾದೆ, ಕೆಲಸದಲ್ಲಿ ಅವಸರ. "ಕಂಬಿ ಎತ್ತಿಯೇ ಹಾಕಿದ್ದು ಮೇಡಂ. ಮೋಲ್ಡ್ ಮೇಲೆ ಜನ ಓಡಾಡದ ಮನೆ ಯಾವುದೈತೆ ಹೇಳಿ. ಎಲ್ಲಾ ನಿಂತವೆ."

"ಒಂದು ಕಡೆ ಕೆತ್ತಿ ನೋಡೋಣ. ಮೇಲೆ ಕಂಬಿ ಸಿಕ್ಕರೆ ನಾನು ಕೈಮುಗಿದು ಬಸ್ ಹತ್ತುತ್ತೇನೆ," ಅಂದೆ.

ತಂದೆ ಅಜ್ಜಿಯನ್ನು ಹುಳುಗಳಿಗೆ ಸೊಪ್ಪು ಹಾಕಲು ಕಳಿಸಿದರು. ಪೂಜೆಯ ಜಾಗಕ್ಕೆ ಉಳಿ ಬೀಳುವುದನ್ನು ಆಕೆ ನೋಡುವುದು ಅವರಿಗೆ ಬೇಕಿರಲಿಲ್ಲ.

ಬಾಲ್ಕನಿ ಗೋಡೆಯನ್ನು ಬಿಟ್ಟು ಹೊರಡುವ ಗೆರೆಯ ಮೇಲೆ, ಎಳೆತ ಅತಿ ಹೆಚ್ಚಿರುವ ಕಡೆ, ಅಂಗೈ ಅಗಲದ ಚೌಕ ಗುರುತು ಮಾಡಿದೆ. ಛಾವಣಿಯ ದಪ್ಪ ಐದಿಂಚು. ಮುಕ್ಕಾಲು ಇಂಚು ಕೆತ್ತಿದರೆ ಕಂಬಿ ಸಿಗಬೇಕು. ಮೇಸ್ತ್ರಿ ಉಳಿ ಹಿಡಿದ. ಒಂದಿಂಚು ಆಯಿತು, ಇಲ್ಲ. ಪುಡಿ ಊದಿ ಮತ್ತೆ ಹೊಡೆದ. ಎರಡಿಂಚಿಗೂ ಬರೀ ಜಲ್ಲಿ.

"ಪಕ್ಕದಲ್ಲಿರ್ತದೆ ಬುಡಿ," ಅಂದ. ಪಕ್ಕಕ್ಕೆ ಅಗಲ ಮಾಡಿಸಿದೆ. ಮೂರಿಂಚು ದಾಟಿದ ಮೇಲೆ ಉಳಿಗೆ ಠಣ್ ಎಂದು ಕಬ್ಬಿಣ ತಾಗಿತು. ಮೇಸ್ತ್ರಿ ಉಳಿ ಕೆಳಗಿಟ್ಟು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಹುಡುಗಿ ಅಳತೆ ಟೇಪನ್ನು ತಾನೇ ಇಳಿಬಿಟ್ಟು ನೋಡಿದಳು. ನೋಡಿ, ಸುತ್ತಿ, ಜೇಬಿಗೆ ಹಾಕಿಕೊಂಡಳು.

ತಂದೆಗೆ ಅರ್ಥವಾಗಲಿಲ್ಲ. "ಕಂಬಿ ಸಿಕ್ತಲ್ಲ ಮೇಡಮ್ನೋರೆ," ಅಂದರು. ಸಿಗಬೇಕಾದ ಕಡೆ ಸಿಗಲಿಲ್ಲ ಎಂದು ವಿವರಿಸಬೇಕಾಯಿತು. ಕೇಳಿಸಿಕೊಳ್ಳುತ್ತಾ ಅವರು ಮಗಳ ಮುಖ ನೋಡಿದರು. ಅವಳು ಆಗ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಪೇರಿಸಿದ್ದ ಬ್ಲಾಕಿನ ಮೇಲೆ ಕೂರಲು ಹೋದವರು, ಅದು ಇದ್ದದ್ದು ಬಾಲ್ಕನಿಯ ಮೇಲೆ ಎಂದು ನೆನಪಾಗಿ ಒಳಗೆ ಬಂದು ನಿಂತರು.

"ಒಡೀದೆ ಬೇರೆ ದಾರಿ ಇಲ್ವಾ?"

ಒಂದು ದಾರಿ ಇತ್ತು. ಬಾಲ್ಕನಿಯ ಹೊರ ಅಂಚಿಗೆ ಎರಡು ಕಂಬ, ಒಂದು ತೊಲೆ ಕೊಟ್ಟರೆ ಅದು ಎರಡೂ ಕಡೆ ಆಧಾರವಿರುವ ಛಾವಣಿಯಾಗುತ್ತದೆ. ಆಗ ಕೆಳಗೆ ಕೂತ ಕಂಬಿಯೇ ಕೆಲಸಕ್ಕೆ ಬರುತ್ತದೆ. ಆದರೆ ಕಂಬ ಎದ್ದು ನಿಲ್ಲಬೇಕಾದ ಜಾಗದಲ್ಲಿ ಊರಿನ ಚರಂಡಿ. ಅದನ್ನು ಮುಚ್ಚಲು ಯಾರೂ ಬಿಡರು. ಹಾಗಾಗಿ ಬಾಲ್ಕನಿಯನ್ನು ಒಡೆದು ತೆಗೆದು, ಒಳಗಿನ ಛಾವಣಿಯನ್ನು ಸ್ವಲ್ಪ ಅಗಲ ಕೆತ್ತಿ, ಹೊಸ ಕಂಬಿ ಜೋಡಿಸಿ ಮತ್ತೆ ಹಾಕಬೇಕು ಎಂದೆ. ಅಲ್ಲಿಯವರೆಗೆ ಒಂದು ಜಾಕಿಯನ್ನೂ ಮುಟ್ಟಬಾರದು. ಮೇಲಿನ ಬ್ಲಾಕುಗಳನ್ನು ಅಂದೇ ಇಳಿಸಬೇಕು.

ಅವರು ಒಪ್ಪಿದರು. ಒಪ್ಪಿದ್ದು ಸುಲಭದ ಮಾತಲ್ಲ, ನಾನು ನೋಡಿದ ಎಷ್ಟೋ ಮನೆ ಯಜಮಾನರು ಇಂಥ ಮಾತು ಕೇಳಿದರೆ ಎಂಜಿನಿಯರನ್ನೇ ಬದಲಾಯಿಸುತ್ತಾರೆ. ಆದರೆ ಒಪ್ಪಿಗೆಯ ಬೆನ್ನಿಗೇ ಒಂದು ಕೋರಿಕೆ ಬಂತು.

"ಅವ್ವಂಗೆ ಹೇಳ್ಬೇಡಿ. ತಾನು ನಿಂತಿದ್ಕೆ ಹಿಂಗಾಯ್ತು ಅಂತ ಗೊತ್ತಾದ್ರೆ ಊಟ ಬುಟ್ಬುಡ್ತದೆ. ಆಷಾಢ ಕಳೀಲಿ, ನಾನೇ ನಿಧಾನಕ್ಕೆ ಹೇಳ್ತೀನಿ."

"ಆಯ್ತು, ಆದರೆ ಸೆಂಟ್ರಿಂಗ್‌ನವನಿಗೆ ಕಾರಣ ಸಮೇತ ಹೇಳಿ," ಅಂದೆ.

"ಅವ್ನಿಗೆ ಹೇಳಿದ್ರೆ ಸಂತೆಗೇ ಹೇಳ್ದಂಗೆ. ಎಂಜಿನಿಯರ್ ಮಗಳು ಕಟ್ಸಿದ ಮನೆ ಬಿದ್ದೋಯ್ತದಂತೆ ಅಂತ ಆಡ್ಕೋತಾರೆ. ನಾಳೆ ಇವ್ಳಿಗೆ ಕೆಲ್ಸ ಯಾರ್ ಕೊಟ್ಟಾರು? ಒಸಿ ದಿನ ಇರ್ಲಿ ಅಂದ್ರೆ ಸಾಕು, ಇರುಸ್ತಾನೆ."

ನಾನು ವಾದ ಮಾಡಿದೆ. ರಟ್ಟಿನ ಮೇಲೆ ಅಪಾಯ ಅಂತ ಬರೆದು ನೇತುಹಾಕೋಣ ಎಂದೆ, ಅದಕ್ಕೂ ಅದೇ ಉತ್ತರ. ಕಾರಣ ಹೇಳದ ಎಚ್ಚರಿಕೆ ಅರ್ಧ ಎಚ್ಚರಿಕೆ ಎಂದೆ. "ಹೇಳ್ತೀನಿ ಬುಡಿ, ನೀವು ಹೋಗಿ," ಅಂದರು. ಕೊನೆಗೆ ಕೆಂಪು ರವಿಕೆ ಬಟ್ಟೆಯೊಂದನ್ನು ಹುಡುಗಿಯಿಂದ ತರಿಸಿ, ಎರಡಾಗಿ ಹರಿದು, ಹೊರ ಅಂಚಿನ ಎರಡು ಮೂಲೆ ಜಾಕಿಗಳಿಗೆ ಕಟ್ಟಿದೆ. ಕಟ್ಟಡದ ಕೆಲಸದಲ್ಲಿ ಕೆಂಪು ಬಟ್ಟೆ ಅಂದರೆ ಮುಟ್ಟಬೇಡ ಅಂತ. ಅದನ್ನು ಓದಲು ಯಾರಿಗೂ ಪಾಠ ಬೇಕಿಲ್ಲ ಎಂದುಕೊಂಡೆ.

ಆಷಾಢ ಹತ್ತಿರ ಬರುತ್ತಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಯಾರೂ ಮೋಲ್ಡ್ ಹಾಕುವುದಿಲ್ಲ, ಹಾಗಾಗಿ ಅದರ ಹಿಂದಿನ ದಿನಗಳಲ್ಲಿ ಎಲ್ಲರೂ ಹಾಕುತ್ತಾರೆ. ಕನಕಪುರದಿಂದ ಮಾಗಡಿಯವರೆಗೂ ಜಾಕಿ, ತಗಡುಗಳಿಗೆ ಹಾಹಾಕಾರ. ಒಂದು ಮನೆಯಿಂದ ಬಿಚ್ಚಿದ್ದು ಅದೇ ದಿನ ಇನ್ನೊಂದು ಮನೆಗೆ ಏರುತ್ತದೆ. ಈ ಮನೆಯ ಸೆಂಟ್ರಿಂಗ್‌ನವನಿಗೂ ಪಕ್ಕದ ಹಳ್ಳಿಯಲ್ಲಿ ಒಂದು ಮೋಲ್ಡ್ ನಿಕ್ಕಿಯಾಗಿತ್ತು. ಒಳಗಿನ ಕೋಣೆಗಳದ್ದೆಲ್ಲ ಬಿಚ್ಚಿ ಒಯ್ದ. ಬಾಲ್ಕನಿಯದಕ್ಕೆ ಫೋನ್ ಮಾಡಿದಾಗ ಯಜಮಾನರು "ಒಸಿ ದಿನ ಇರ್ಲಿ ಕಣ್ಲಾ" ಅಂದರು, ಯಾಕೆ ಅಂತ ಹೇಳಲಿಲ್ಲ. ಬ್ಲಾಕುಗಳೂ ಇಳಿಯಲಿಲ್ಲ. ಹುಳು ಗೂಡು ಕಟ್ಟುವ ಹೊತ್ತು, ಮನೆಯಲ್ಲಿ ಒಬ್ಬರಿಗೂ ಬಿಡುವಿರಲಿಲ್ಲವಂತೆ. ನಾನು ಹುಡುಗಿಯನ್ನು ಕೇಳುತ್ತಲೇ ಇದ್ದೆ. "ಅಪ್ಪ ಇಳುಸ್ತೀನಿ ಅಂದವ್ರೆ ಮೇಡಂ," ಅನ್ನುತ್ತಲೇ ಇದ್ದಳು.

ಅಂದು ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳ ತಂಡ ಕಾಂಕ್ರೀಟು ಕಲಸುತ್ತಿತ್ತು. ನೀರು ಹೆಚ್ಚಾಗಿದೆ ಎಂದು ಒಬ್ಬನಿಗೆ ಬೈಯುತ್ತಿದ್ದೆ. ಅವಳ ಫೋನು ಹೊಡೆದುಕೊಂಡಿತು. ಕೈಯಲ್ಲಿ ಸಿಮೆಂಟು, ಹಾಗಾಗಿ ಮೊಣಕೈಯಿಂದ ಸ್ಪೀಕರ್ ಒತ್ತಿದಳು. ಆ ಕಡೆ ಯಾರೋ ಹೆಂಗಸಿನ ಅಳು. "ಬಾಲ್ಕನಿ ಕುಸ್ದೋಯ್ತು ಕಣೇ. ಸೆಂಟ್ರಿಂಗಿನೋನು ಅಡೀಲಿ ಸಿಕ್ಕೊಂಡವ್ನೆ."

ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದದ್ದು ವಿಭಾಗದ ಮುಖ್ಯಸ್ಥರೇ. ನಾನು ಕೇಳಿರಲಿಲ್ಲ. ಹುಡುಗಿಯ ತಂದೆ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಬಂದಿದ್ದವರು, ಗೂಡನ್ನು ಅಲ್ಲೇ ಬಿಟ್ಟು ನಮಗಿಂತ ಮುಂಚೆ ತಲುಪಿದ್ದರು.

ಬಾಲ್ಕನಿ ಗೋಡೆಯ ಗೆರೆಗೆ ಸರಿಯಾಗಿ ಮಡಿಚಿಕೊಂಡು ಕೆಳಗೆ ಜೋತಾಡುತ್ತಿತ್ತು. ಕೆಳಗೆ ಕೂತ ಕಂಬಿಗಳು ಹರಿಯದೆ ಬಗ್ಗಿದ್ದವು. ಬ್ಲಾಕುಗಳು ಚರಂಡಿಯ ತುಂಬ. ಸೆಂಟ್ರಿಂಗ್‌ನವನನ್ನು ಕನಕಪುರದ ಆಸ್ಪತ್ರೆಗೆ ಒಯ್ದಿದ್ದರು. ದಾರಿಯಲ್ಲೇ ಜೀವ ಹೋಗಿತ್ತು, ಅದು ನಮಗೆ ಗೊತ್ತಾದದ್ದು ಅಲ್ಲಿ ನಿಂತಿದ್ದಾಗ. ಅವನ ಹೆಂಡತಿಯೂ ಅವನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದವಳು. ಬಿಚ್ಚಿದ ತಗಡನ್ನು ತಲೆಯ ಮೇಲೆ ಹೊತ್ತು ಗೂಡ್ಸ್ ಆಟೋದವರೆಗೆ ಹೋಗಿದ್ದರಿಂದ ಉಳಿದಿದ್ದಳು. ಆಸ್ಪತ್ರೆಗೆ ಹೋದ ಗಾಡಿಯಲ್ಲಿ ಅವಳಿಗೆ ಜಾಗ ಸಿಕ್ಕಿರಲಿಲ್ಲ. ತಗಡುಗಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಬಂದವರನ್ನೆಲ್ಲ "ಅವ್ರು ಹೆಂಗವ್ರೆ?" ಎಂದು ಕೇಳುತ್ತಿದ್ದಳು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಲೂ ಮತ್ತೆ ಅದೇ.

ನಾನು ಹೋಗಿ ಅವಳ ಪಕ್ಕ ಕೂತು ಹೇಳಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ನಡೆದದ್ದು ಇಷ್ಟು. ಬೆಳಿಗ್ಗೆ ಗಂಡ ಹೆಂಡತಿ ಬಂದಾಗ ಮನೆಯಲ್ಲಿ ಇದ್ದವರು ಅಜ್ಜಿ ಒಬ್ಬರೇ. ಬಾಲ್ಕನಿಯ ಜಾಕಿ ತಕ್ಕೊಂಡು ಹೋಗಲಾ ಎಂದು ಆತ ಕೇಳಿದ್ದಾನೆ. ಆಷಾಢಕ್ಕೆ ಮುಂಚೆ ಇನ್ನೊಂದು ಮನೆಯವರ ಮೋಲ್ಡ್ ನಿಲ್ಲಬಾರದು, ಪಾಪ, ತಕ್ಕೋ ಹೋಗಪ್ಪ ಎಂದಿದ್ದಾರೆ ಅಜ್ಜಿ. ಬೇಡ ಎನ್ನಲು ಅವರ ಬಳಿ ಕಾರಣವೇ ಇರಲಿಲ್ಲ. ಆತ ನಡುವಿನ ಜಾಕಿಗಳನ್ನೆಲ್ಲ ತೆಗೆದ. ಮೂಲೆಯ ಎರಡನ್ನು ಮಾತ್ರ ಮುಟ್ಟದೆ ನಿಂತ. ನಾನು ಕಟ್ಟಿದ ಕೆಂಪು ಬಟ್ಟೆಗೆ ಅಜ್ಜಿ ಅರಿಶಿನ ಕುಂಕುಮ ಹಚ್ಚಿದ್ದರು. ಮೊಮ್ಮಗಳ ಮೇಡಂ ದೃಷ್ಟಿಯಾಗದಿರಲಿ ಅಂತ ಕಟ್ಟಿ ಹೋದದ್ದು ಎಂದು ತಿಳಿದಿದ್ದರು. ದೇವರ ಬಟ್ಟೆ ಕಟ್ಟಿದ ಜಾಕಿಗೆ ಸುತ್ತಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಅಜ್ಜಿಯೇ ಕೈಮುಗಿದು ಬಟ್ಟೆ ಬಿಚ್ಚಿಕೊಟ್ಟರು.

ನಾವು ಹೋದಾಗ ಆ ಎರಡು ತುಂಡುಗಳೂ ಅವರ ಕೈಯಲ್ಲೇ ಇದ್ದವು. ಜಗಲಿಯ ಮೇಲೆ ಕೂತಿದ್ದರು. "ಏನಾಯ್ತು ಮಗ? ಕಾಯಿ ಸಮನಾಗಿ ಒಡ್ದಿತ್ತಲ್ಲ," ಎಂದು ಮೊಮ್ಮಗಳನ್ನು ಕೇಳಿದರು.

ತಂದೆ ಮಗಳನ್ನು ತಡೆಯಲು ಕೈ ಎತ್ತಿದರು, ಮತ್ತೆ ಇಳಿಸಿದರು. ಹುಡುಗಿ ಅಜ್ಜಿಯ ಕಾಲ ಬಳಿ ಕೂತು ಹೇಳಿದಳು. ಚೇರು ಮಲಗಿದ್ದು, ಕೆತ್ತಿ ನೋಡಿದ್ದು, ಬಟ್ಟೆ ಕಟ್ಟಿದ್ದು ಯಾಕೆ ಎಂಬುದು, ಯಾವುದನ್ನೂ ಬಿಡಲಿಲ್ಲ. ಅಜ್ಜಿ ಪೂರ್ತಿ ಕೇಳಿದರು. ನನ್ನನ್ನು ನೋಡಿದರು, ಮಗನನ್ನು ನೋಡಿದರು.

"ಅವತ್ತೇ ಇಳಿ ಅಂದಿದ್ರೆ ಇಳ್ದು ಬರ್ತಿದ್ದೆ ಕಣ್ ಮಗ," ಅಂದರು. "ಕಾಯಿನ ಕೆಳಗೇ ಒಡೀತಿದ್ದೆ."

ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ಕಷ್ಟದ ಮಾತು ಅದು. ಅಷ್ಟು ಸುಲಭದಲ್ಲಿ ಮುಗಿಯುತ್ತಿತ್ತು. ಮುದುಕಿಗೆ ನೋವಾಗುತ್ತದೆ ಎಂದು ಮೊದಲು ಮೊಮ್ಮಗಳು ಹೇಳಲಿಲ್ಲ, ಆಮೇಲೆ ಮಗ ಹೇಳಲಿಲ್ಲ. ಆ ಮುದುಕಿಗೋ, ಹೇಳಿದರೆ ಕೇಳುವಷ್ಟು ಬುದ್ಧಿ ನಮ್ಮೆಲ್ಲರಿಗಿಂತ ಹೆಚ್ಚೇ ಇತ್ತು.

ಪೊಲೀಸರು ಬಂದು ಮಹಜರು ಮಾಡಿದರು. ಕೇಳಿದ್ದಕ್ಕೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹುಡುಗಿಯ ಹೆಸರು ಬರದಂತೆ ನೋಡಿಕೊಳ್ಳಿ ಎಂದು ಊರಿನ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಹುಡುಗಿಯೇ ಮುಂದೆ ಬಂದು ತನ್ನ ಹೇಳಿಕೆ ಬರೆಸಿದಳು. ಆ ಕೇಸು ಇನ್ನೂ ನಡೆಯುತ್ತಿದೆ. ಮನೆಯ ಗೃಹಪ್ರವೇಶ ಆಗಲಿಲ್ಲ. ಬಾಲ್ಕನಿಯನ್ನು ಕತ್ತರಿಸಿ ತೆಗೆಸಿದರು, ಮತ್ತೆ ಹಾಕಿಸಲಿಲ್ಲ. ಅಲ್ಲಿಗೆ ತೆರೆಯುತ್ತಿದ್ದ ಬಾಗಿಲಿನ ಜಾಗವನ್ನು ಬ್ಲಾಕಿನಿಂದ ಮುಚ್ಚಿದ್ದಾರೆ. ಸತ್ತವನ ಹೆಂಡತಿ ಈಗ ಹಾರೋಹಳ್ಳಿಯ ಒಂದು ಕಾರ್ಖಾನೆಗೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಸಾತನೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಿದ್ದಳು, ಮಾತಾಡಿಸಲಿಲ್ಲ. ಅವಳು ನನ್ನನ್ನು ಮಾತಾಡಿಸಬೇಕಾದ ಕಾರಣವೂ ಇಲ್ಲ.

ಹುಡುಗಿ ಕಾಲೇಜಿಗೆ ಬರುವುದನ್ನು ಬಿಟ್ಟಳು. ಫೋನ್ ಮಾಡಿದರೆ "ನಂಗೆ ಈ ಕೆಲ್ಸ ಬ್ಯಾಡ ಮೇಡಂ" ಅಂದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ನೀನು ಬಿಟ್ಟರೆ ನಿನ್ನ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಅವಳಿಗೆ ಇದು ಗೊತ್ತಿರುವುದಿಲ್ಲ," ಅಂದೆ. ಅವಳು ಫೋನ್ ಇಟ್ಟಳು. ಮೊಮ್ಮಗಳನ್ನು ಕಾಲೇಜಿನ ಗೇಟಿನವರೆಗೆ ತಂದು ಬಿಟ್ಟವರು ಕೊನೆಗೆ ಅಜ್ಜಿ. ಬಸ್ಸಿನಲ್ಲಿ ಜೊತೆಗೆ ಬಂದು, ಗೇಟಿನ ಹೊರಗೇ ನಿಂತು, ಒಳಗೆ ಹೋದದ್ದು ನೋಡಿ ತಿರುಗಿ ಹೋದರಂತೆ.

ಆ ಘಟನೆಯ ನಂತರ ನಾನು ಬಾಲ್ಕನಿಯ ಪಾಠವನ್ನು ಮಾಡುವ ರೀತಿ ಬದಲಾಯಿತು. ಕಂಬಿ ಎಲ್ಲಿರಬೇಕು ಎಂದು ಕಲಿಸುತ್ತಿದ್ದೆವು, ಅದರ ಮೇಲೆ ನಿಂತವರನ್ನು ಇಳಿಸುವುದು ಹೇಗೆಂದು ಕಲಿಸುತ್ತಿರಲಿಲ್ಲ. ಈಗ ಕಾಲೇಜಿನ ಹಿತ್ತಲಲ್ಲಿ ಕಂಬಿ ಹೆಣೆಸಿ, ಚೇರು ಕೂರಿಸಿ, ಅದರ ಮೇಲೆ ಒಬ್ಬರನ್ನು ನಿಲ್ಲಿಸುತ್ತೇನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಎದುರು ನಿಂತು, ಗಟ್ಟಿಯಾಗಿ, ಕಾರಣ ಸಮೇತ, ಇಳಿಯಿರಿ ಎಂದು ಹೇಳಬೇಕು. ಸಿಲಬಸ್ಸಿನಲ್ಲಿ ಇಲ್ಲವಲ್ಲ ಎಂದು ವಿಭಾಗದ ಮುಖ್ಯಸ್ಥರು ಮೊದಲ ಸಲ ಗೊಣಗಿದರು. ಆಮೇಲೆ ಮನೆ ಯಜಮಾನನಾಗಿ ಹೂವಿನ ಹಾರ ಹಿಡಿದು ಕಂಬಿಯ ಮೇಲೆ ನಿಂತವರು ಅವರೇ. ಮಕ್ಕಳು ಮೊದಮೊದಲು ನಗುತ್ತಾರೆ. ಮುಖ್ಯಸ್ಥರ ಎದುರು ನಿಂತೊಡನೆ ಮುಕ್ಕಾಲು ಜನರ ಬಾಯಿ ಒಣಗುತ್ತದೆ. ಲೆಕ್ಕದಲ್ಲಿ ಮುಂದಿರುವವರೂ "ಸಾರ್, ಒಸಿ..." ಎಂದು ನಿಂತುಬಿಡುತ್ತಾರೆ. ಹೇಳಲು ಬರುವವರೆಗೆ ಬಿಡುವುದಿಲ್ಲ. ಮೊದಲ ಸಲ ಈ ಪಾಠ ಮಾಡಿದ ದಿನ ಆ ಹುಡುಗಿ ಗೋಡೆಗೆ ಒರಗಿ ನಿಂತು ನೋಡಿದಳು. ಅವಳನ್ನು ನಾನು ಕರೆಯಲಿಲ್ಲ, ಅವಳೂ ಮುಂದೆ ಬರಲಿಲ್ಲ.

ಈಚೆಗೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೊಸ ತಂಡದ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಂದು ಕಾರ್ಖಾನೆಯ ಕಚೇರಿ ಕಟ್ಟಡ, ಮರುದಿನ ಮೋಲ್ಡ್. ಅಲ್ಲಿ ಕಿರಿಯ ಎಂಜಿನಿಯರಾಗಿ ಕೆಲಸಕ್ಕೆ ಸೇರಿದ್ದವಳು ಅವಳೇ. ತಲೆಗೆ ಹಳದಿ ಹೆಲ್ಮೆಟ್ಟು, ಮೈ ಸ್ವಲ್ಪ ಇಳಿದಿತ್ತು. ಮೊದಲಿಗಿಂತಲೂ ಮಾತು ಕಡಿಮೆ. ಪೂಜೆಗೆ ಕೆಳಗೆ, ಮೆಟ್ಟಿಲ ಬಳಿ ಜಾಗ ಮಾಡಿಸಿದ್ದಳು. ಮೇಲೆ ಓಡಾಡಲು ಕಂಬಿಗೆ ತಾಗದಂತೆ ಹಲಗೆಯ ದಾರಿ ಹಾಕಿಸಿದ್ದಳು. ಮಕ್ಕಳು ಹಲಗೆಯ ಮೇಲೆ ಸಾಲಾಗಿ ನಿಂತರು. ಸಜ್ಜಾಗೆ ಹಾಕಿದ ಕಂಬಿ ಎಲ್ಲಿಂದ ಬಗ್ಗಿ ಒಳಗೆ ಹೋಗುತ್ತದೆ ಎಂದು ತೋರಿಸುವ ಭರದಲ್ಲಿ ನಾನು ಮಾತಾಡುತ್ತಾ ಮುಂದೆ ಹೋದೆ.

"ಮೇಡಂ, ಇಳೀರಿ."

ಗಟ್ಟಿ ದನಿ. ಮೇಸ್ತ್ರಿ, ಕಂಬಿ ಬಗ್ಗಿಸುವ ಬಾರ್ ಬೆಂಡರುಗಳೆಲ್ಲ ತಿರುಗಿ ನೋಡಿದರು. ಅವಳು ನನ್ನ ಕಾಲಿನ ಕಡೆ ಬೆರಳು ತೋರಿಸಿದಳು. "ಸಜ್ಜಾ ಕಂಬಿ ಮೇಲೆ ನಿಂತಿದ್ದೀರ. ಚೇರ್ ಮಲಗ್ತದೆ. ಹಲಗೆ ಮೇಲೆ ಬನ್ನಿ."

ನಾನು ಇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ನಾನು ಕಾಲಿಟ್ಟಿದ್ದ ಕಡೆ ಬಗ್ಗಿ, ಕಂಬಿಯ ಅಡಿಗೆ ಕೈ ಹಾಕಿ, ಚೇರು ನೆಟ್ಟಗೆ ನಿಂತಿದೆಯೇ ಎಂದು ಅಲುಗಿಸಿ ನೋಡುತ್ತಿದ್ದಳು.